ಡ್ರಮ್ಮೊ, ಗುಮ್ಮಟವೊ? ಗೋಬರ್ ಗ್ಯಾಸಿನ ಸೋರಿಕೆ ಪತ್ತೆಯಾದ ಕತೆ

ಗೋಬರ್ ಗ್ಯಾಸಿನ ಪೈಪು ಸೋರುತ್ತಿದೆಯೇ ಎಂದು ನೋಡಲು ದೊಡ್ಡ ಉಪಕರಣವೇನೂ ಬೇಡ. ಜೋಡಣೆ ಇರುವಲ್ಲಿ ಸೋಪಿನ ನೊರೆ ಹಚ್ಚಿ ಕಾಯಬೇಕು. ಗುಳ್ಳೆ ಎದ್ದರೆ ಅಲ್ಲಿಂದ ಗ್ಯಾಸು ಹೋಗುತ್ತಿದೆ ಎಂದರ್ಥ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ, ಕಾಗಲ್, ಚಂದಗಡದ ಹಳ್ಳಿಗಳಲ್ಲಿ, ಮನೆಯಲ್ಲಿ ಕನ್ನಡ ಪೇಟೆಯಲ್ಲಿ ಮರಾಠಿ ಆಡುವ ಎಮ್ಮೆ ಸಾಕಿದ ಕುಟುಂಬಗಳಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಆದರೆ ನೊರೆ ಹಚ್ಚಲು ಬರುವುದು ಪೈಪಿಗೆ ಮಾತ್ರ. ನೆಲದೊಳಗೆ ಹುಗಿದ ಇಟ್ಟಿಗೆಯ ಗುಮ್ಮಟಕ್ಕೆ ಹಚ್ಚುವುದು ಹೇಗೆ? ರಾಡಿ ಹೊರಬರುವ ತೆರೆದ ಗುಂಡಿಗೆ?

ಸೆಗಣಿಯಿಂದ ಗ್ಯಾಸು ಮಾಡುವುದನ್ನು ಎರಡು ದೇಶಗಳು ಮನೆಮನೆಗೆ ಒಯ್ದವು, ಭಾರತ ಮತ್ತು ಚೀನಾ. ಭಾರತ ಉಕ್ಕಿನ ಡ್ರಮ್ಮಿನಿಂದ ಶುರುಮಾಡಿತು, ಚೀನಾ ಗಾರೆಯ ಗುಮ್ಮಟದಿಂದ. ಯಾವುದು ಎಷ್ಟು ಸೋರುತ್ತದೆ, ಎಲ್ಲಿಂದ ಸೋರುತ್ತದೆ ಎಂಬುದು ಗೊತ್ತಾಗಲು ಅರ್ಧ ಶತಮಾನ ಹಿಡಿಯಿತು. ಮೊದಲಿಗೆ ಅದನ್ನು ಹುಡುಕಿದ್ದು ಒಲೆ ಉರಿಯಲಿ ಎಂದು. ಹವಾಮಾನದ ಮಾತು ಬಂದದ್ದು ಬಹಳ ಆಮೇಲೆ.

ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಎಂಬ ಅನಿಲವನ್ನು ಮೊದಲು ಬಾಟಲಿಗೆ ಇಳಿಸಿದವನು ಇಟಲಿಯ ಅಲೆಸಾಂಡ್ರೊ ವೋಲ್ಟಾ. 1776ರಲ್ಲಿ ಮಜ್ಜೋರೆ ಸರೋವರದ ಕೆಸರನ್ನು ಕೋಲಿನಿಂದ ಕಲಕಿ, ಎದ್ದ ಗುಳ್ಳೆಗಳನ್ನು ಹಿಡಿದು, ಉರಿಸಿ ನೋಡಿದ. ಕೊಳೆಯುವ ವಸ್ತುವಿಗೆ ಗಾಳಿ ಸಿಗದಿದ್ದರೆ ಸೂಕ್ಷ್ಮಜೀವಿಗಳು ಈ ಅನಿಲವನ್ನು ಬಿಡುತ್ತವೆ ಎಂಬುದು ಮುಂದೆ ತಿಳಿಯಿತು. ಭಾರತದಲ್ಲಿ ಇದನ್ನು ಬಳಕೆಗೆ ತಂದ ಹಳೆಯ ದಾಖಲೆ ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದ್ದು. 1897ರಲ್ಲಿ ಅಲ್ಲಿ ಶೌಚದ ಹೊಲಸಿನಿಂದ ಬಂದ ಗ್ಯಾಸಿನಲ್ಲಿ ದೀಪ ಉರಿಸಿದರು. 1939ರ ಸುಮಾರಿಗೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿ ಸೆಗಣಿಯ ಮೇಲೆ ಪ್ರಯೋಗ ಆರಂಭಿಸಿದರು. ಅದು ರೈತನ ಹಿತ್ತಲಿಗೆ ಹೊಂದುವ ರೂಪ ಪಡೆದದ್ದು 1951ರಲ್ಲಿ, ಜಶಭಾಯಿ ಪಟೇಲರ ‘ಗ್ರಾಮಲಕ್ಷ್ಮಿ’ಯಲ್ಲಿ. 1960ರ ದಶಕದ ಆರಂಭದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಕೈಗೆತ್ತಿಕೊಂಡು ದೇಶಕ್ಕೆಲ್ಲ ಹಂಚಿತು.

ಪಟೇಲರ ಯೋಚನೆ ಸರಳವಾಗಿತ್ತು. ನೀರಿನ ಹಂಡೆಯಲ್ಲಿ ಚರಿಗೆಯನ್ನು ಬೋರಲು ಹಾಕಿದರೆ ಒಳಗಿನ ಗಾಳಿ ಹೇಗೆ ಸಿಕ್ಕಿಬೀಳುತ್ತದೋ ಹಾಗೆ, ರಾಡಿಯ ಬಾವಿಯ ಮೇಲೆ ಉಕ್ಕಿನ ಡ್ರಮ್ಮು ಬೋರಲು ತೇಲುತ್ತದೆ. ಗ್ಯಾಸು ತುಂಬಿದಂತೆ ಡ್ರಮ್ಮು ಏರುತ್ತದೆ, ಒಲೆ ಹಚ್ಚಿದಂತೆ ಇಳಿಯುತ್ತದೆ. ಇಂದು ಎಷ್ಟು ಅಡುಗೆಯಾದೀತು ಎಂದು ಮನೆಯಾಕೆ ಅಡುಗೆಮನೆಯ ಕಿಟಕಿಯಿಂದಲೇ ಅಂದಾಜು ಮಾಡಬಹುದು. ಡ್ರಮ್ಮಿನ ತೂಕವೇ ಗ್ಯಾಸನ್ನು ತಳ್ಳುವುದರಿಂದ ಒತ್ತಡ ಸದಾ ಒಂದೇ ಸಮ, ಅದೂ ಬಹಳ ಕಡಿಮೆ: ನೀರಿನ ಮಟ್ಟದ ಲೆಕ್ಕದಲ್ಲಿ 8ರಿಂದ 10 ಸೆಂಟಿಮೀಟರ್. ಅಷ್ಟು ಕಡಿಮೆ ಒತ್ತಡದಲ್ಲಿ ಗ್ಯಾಸು ಸಣ್ಣ ಸಂದಿಯಿಂದ ನುಗ್ಗಿ ಹೋಗುವುದು ಕಷ್ಟ.

ಹಾಗೆಂದು ಡ್ರಮ್ಮು ಸೋರುವುದೇ ಇಲ್ಲ ಎಂದಲ್ಲ. ಡ್ರಮ್ಮಿಗೂ ಬಾವಿಯ ಗೋಡೆಗೂ ನಡುವೆ ಸುತ್ತಲೂ ಒಂದಿಷ್ಟು ರಾಡಿ ತೆರೆದೇ ಇರುತ್ತದೆ. ಅಲ್ಲಿ ಏಳುವ ಗುಳ್ಳೆ ಡ್ರಮ್ಮಿಗೆ ಸೇರದೆ ನೇರ ಆಕಾಶಕ್ಕೆ ಹೋಗುತ್ತದೆ. ವರ್ಷ ವರ್ಷ ಬಣ್ಣ ಬಳಿಯದಿದ್ದರೆ ಉಕ್ಕಿಗೆ ತುಕ್ಕು ಹಿಡಿದು ತೂತು ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಬೆಲೆಯದು. ಇಡೀ ಸ್ಥಾವರದ ಖರ್ಚಿನಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಡ್ರಮ್ಮೊಂದೇ ನುಂಗುತ್ತಿತ್ತು. ನಾಲ್ಕೈದು ಎಮ್ಮೆ ಇದ್ದು ಕೈಯಲ್ಲಿ ಕಾಸಿದ್ದವರಿಗೆ ಅದು ಎಟುಕಿತು, ಉಳಿದವರಿಗೆ ಎಟುಕಲಿಲ್ಲ.

ಚೀನಾ ಉಕ್ಕನ್ನೇ ಬಿಟ್ಟುಬಿಟ್ಟಿತು. 1920ರ ದಶಕದಲ್ಲಿ ಲುವೊ ಗುವೊರುಯಿ ಎಂಬವರು ಅಲ್ಲಿ ದೀಪಕ್ಕೂ ಅಡುಗೆಗೂ ಇಂಥ ಗ್ಯಾಸಿನ ತೊಟ್ಟಿಗಳನ್ನು ಕಟ್ಟಿ ಮಾರಿದ್ದರು. ಅದು ಹಳ್ಳಿಗಳಿಗೆ ಮಹಾಪೂರದಂತೆ ನುಗ್ಗಿದ್ದು 1970ರ ದಶಕದಲ್ಲಿ, ಮುಖ್ಯವಾಗಿ ಸಿಚುವಾನ್ ಪ್ರಾಂತದಲ್ಲಿ. ತೊಟ್ಟಿ ಪೂರ್ತಿ ನೆಲದೊಳಗೆ. ಮೇಲೆ ಅಲುಗಾಡದ ಗುಮ್ಮಟ. ಗ್ಯಾಸು ಗುಮ್ಮಟದಲ್ಲಿ ಕೂಡುತ್ತ ಬಂದಂತೆ ಕೆಳಗಿನ ರಾಡಿಯನ್ನು ಪಕ್ಕದ ಗುಂಡಿಗೆ ತಳ್ಳುತ್ತದೆ. ಒಲೆ ಹಚ್ಚಿದಾಗ ಆ ರಾಡಿ ಮರಳಿ ಬಂದು ಗ್ಯಾಸನ್ನು ಪೈಪಿಗೆ ನೂಕುತ್ತದೆ. ಉಕ್ಕಿಲ್ಲ, ಅಲುಗುವ ಭಾಗವಿಲ್ಲ, ತುಕ್ಕಿಲ್ಲ. ಸಿಮೆಂಟು ದುರ್ಲಭವಾಗಿದ್ದಲ್ಲಿ ಸುಣ್ಣ, ಮರಳು, ಜೇಡಿಮಣ್ಣು ಕಲಸಿದ ಗಾರೆಯಿಂದಲೇ ಕೆಲಸ ಸಾಗಿತು. 1970ರ ದಶಕ ಮುಗಿಯುವ ಹೊತ್ತಿಗೆ ಅಂಥ ಸುಮಾರು 70 ಲಕ್ಷ ತೊಟ್ಟಿಗಳು ಎದ್ದಿದ್ದವು. ಸಿಚುವಾನಿನ ಕೈಪಿಡಿಯೊಂದು 1979ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂದಾಗ ಬಡ ದೇಶಗಳ ಎಂಜಿನಿಯರುಗಳು ಅದನ್ನು ಆಸೆಯಿಂದ ಓದಿದರು.

ಅಷ್ಟರಲ್ಲಿ ಚೀನಾದಲ್ಲೇ ಒಂದು ಅಹಿತಕರ ಸಂಗತಿ ಹೊರಬಿದ್ದಿತ್ತು. ಕಟ್ಟಿದ ತೊಟ್ಟಿಗಳಲ್ಲಿ ದೊಡ್ಡ ಪಾಲು ಕೆಲವೇ ವರ್ಷಗಳಲ್ಲಿ ಕೆಲಸ ನಿಲ್ಲಿಸಿದ್ದವು, ಮುಖ್ಯವಾಗಿ ಸೋರಿಕೆಯಿಂದ. ಕಾರಣ ಹುಡುಕಿದಾಗ ಸಿಕ್ಕಿದ್ದು ಒತ್ತಡ. ಗುಮ್ಮಟ ತುಂಬಿದಾಗ ಒಳಗಿನ ಒತ್ತಡ ನೀರಿನ ಮಟ್ಟದ ಲೆಕ್ಕದಲ್ಲಿ 90–100 ಸೆಂಟಿಮೀಟರಿನವರೆಗೆ ಏರುತ್ತದೆ. ಡ್ರಮ್ಮಿಗೆ ಹೋಲಿಸಿದರೆ ಸುಮಾರು ಹತ್ತು ಪಟ್ಟು. ಗಾರೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ಆ ಒತ್ತಡ ಗ್ಯಾಸನ್ನು ಹೊರಗೆ ತಳ್ಳುತ್ತದೆ. ಅದರ ಮೇಲೆ ಮಣ್ಣು ಮುಚ್ಚಿರುವುದರಿಂದ ಯಾರಿಗೂ ಕಾಣುವುದಿಲ್ಲ. ಡ್ರಮ್ಮು ತೂತಾದರೆ ಅದು ಏಳುವುದೇ ಇಲ್ಲ, ತಪ್ಪು ಕಣ್ಣೆದುರೇ ಇರುತ್ತದೆ. ಗುಮ್ಮಟದ ತಪ್ಪು ಒಲೆ ಮಂದವಾದಾಗಷ್ಟೇ ಗೊತ್ತಾಗುತ್ತದೆ, ಆಗಲೂ ಮನೆಯವರು ಸೆಗಣಿ ಕಡಿಮೆಯಾಯಿತೇನೊ ಎಂದುಕೊಳ್ಳುತ್ತಾರೆ.

ಚೀನಾ ಇದಕ್ಕೆ ಕಂಡುಕೊಂಡ ಉಪಾಯ ಅಳತೆ. ಯು ಆಕಾರದ ಪಾರದರ್ಶಕ ಕೊಳವೆಗೆ ನೀರು ಹಾಕಿ ಗ್ಯಾಸಿನ ಪೈಪಿಗೆ ಜೋಡಿಸಿದರೆ ಒಳಗಿನ ಒತ್ತಡ ನೀರಿನ ಎತ್ತರವಾಗಿ ಕಣ್ಣಿಗೆ ಕಾಣುತ್ತದೆ. ಹೊಸ ತೊಟ್ಟಿಗೆ ಮೊದಲು ನೀರು ತುಂಬಿ ಮಟ್ಟ ಇಳಿಯುತ್ತದೆಯೇ ಎಂದು ನೋಡುವುದು. ಆಮೇಲೆ ಬಾಯಿ ಮುಚ್ಚಿ, ಗಾಳಿ ತುಂಬಿ, 24 ಗಂಟೆ ಬಿಟ್ಟು ಕೊಳವೆಯ ನೀರನ್ನು ಮತ್ತೆ ಓದುವುದು. ಒತ್ತಡ ಶೇ. 3ಕ್ಕಿಂತ ಹೆಚ್ಚು ಇಳಿದರೆ ಕೆಲಸ ಒಪ್ಪುವಂತಿಲ್ಲ. 1979ರಲ್ಲಿ ಛೆಂಗ್ಡುವಿನಲ್ಲಿ ಇದಕ್ಕಾಗಿಯೇ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು, 1984ರಲ್ಲಿ ರಾಷ್ಟ್ರೀಯ ಮಾನಕ ಬಂತು.

ಇದೇ ಹೊತ್ತಿಗೆ ಬೆಂಗಳೂರಿನಲ್ಲಿ ಬೇರೆ ತೆರನಾದ ಅಳತೆ ನಡೆದಿತ್ತು. ಭಾರತೀಯ ವಿಜ್ಞಾನ ಮಂದಿರದ ವಿದ್ಯುತ್‌ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ 1974ರಲ್ಲಿ ಹಳ್ಳಿಯ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಖಾದಿ ಆಯೋಗದ ಡ್ರಮ್ಮಿನ ಮಾದರಿ ಆಗಲೇ ದೇಶದ ತುಂಬ ಹರಡಿತ್ತು. ಆದರೆ ಅದರ ಆಳ, ಅಗಲ, ಡ್ರಮ್ಮಿನ ಗಾತ್ರ ಇಷ್ಟೇ ಏಕಿರಬೇಕು ಎಂದು ಯಾರೂ ಕೇಳಿರಲಿಲ್ಲ. ಡಿ. ಕೆ. ಸುಬ್ರಮಣಿಯನ್, ಪಿ. ರಾಜಬಾಪಯ್ಯ ಮತ್ತು ರೆಡ್ಡಿ ಅದನ್ನು ಪ್ರಶ್ನಿಸಿ, ನಡೆಯುತ್ತಿರುವ ಸ್ಥಾವರವನ್ನೇ ಅಳೆದು 1979ರಲ್ಲಿ ಲೇಖನಮಾಲೆ ಪ್ರಕಟಿಸಿದರು. ಅಷ್ಟು ಆಳದ ಬಾವಿ ಬೇಕಿಲ್ಲ, ಆಳ ತಗ್ಗಿಸಿ ಅಗಲ ಹೆಚ್ಚಿಸಿದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ ಎಂದು ಅವರು ತೋರಿಸಿದರು. ಶಾಖ ಹೆಚ್ಚಾಗಿ ಕಳೆದುಹೋಗುವುದು ಮೇಲಿನ ಉಕ್ಕಿನ ಡ್ರಮ್ಮಿನಿಂದ ಎಂಬುದೂ ಅಲ್ಲೇ ಗೊತ್ತಾಯಿತು.

ಸೋರಿಕೆಯ ಕತೆಗೆ ಇದು ಮುಖ್ಯವಾದ ತಿರುವು. ಒಲೆ ಮಂದವಾದದ್ದಕ್ಕೆ ಸೋರಿಕೆಯೊಂದೇ ಕಾರಣವಾಗಿರಬೇಕಿಲ್ಲ. ಮೀಥೇನ್ ಮಾಡುವ ಜೀವಿಗಳಿಗೆ 35 ಡಿಗ್ರಿಯ ಸುತ್ತಲಿನ ಬಿಸಿ ಹಿತ. 20ರ ಕೆಳಗೆ ಅವು ಮಂಕಾಗುತ್ತವೆ. ಸೆಗಣಿಯೇ ಕಡಿಮೆಯಿರಬಹುದು. ಅಸ್ತ್ರದವರು ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಅಡುಗೆ ಗ್ಯಾಸು ಕೊಡಲು ಹೊರಟಾಗ ಆದದ್ದು ಇದೇ. ಇದ್ದ ದನಗಳ ಸೆಗಣಿ ಎಲ್ಲರ ಒಲೆಗೆ ಸಾಲಲಿಲ್ಲ. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನೀರು, ದೀಪ ಕೊಟ್ಟಾಗ ಊರು ಅದನ್ನು ತನ್ನದೆಂದು ಒಪ್ಪಿಕೊಂಡಿತು. ಎಷ್ಟು ಹುಟ್ಟಬೇಕಿತ್ತು ಎಂಬ ಲೆಕ್ಕ ಮೊದಲು ಗೊತ್ತಿರಬೇಕು. ಆಮೇಲೆಯೇ ಎಷ್ಟು ಕಳೆದುಹೋಯಿತು ಎಂಬ ಮಾತು.

ಭಾರತವೂ ಕ್ರಮೇಣ ಗುಮ್ಮಟದ ಕಡೆ ಹೊರಳಿತು. ಉತ್ತರ ಪ್ರದೇಶದ ಅಜಿತಮಲ್ ಸಂಶೋಧನಾ ಕೇಂದ್ರ 1978ರಲ್ಲಿ ಚೀನಾದ ಮಾದರಿಯನ್ನು ಆಧರಿಸಿ ‘ಜನತಾ’ ಸ್ಥಾವರ ತಂದಿತು. 1984ರಲ್ಲಿ, ಚೀನಾ ತನ್ನ ಮಾನಕ ಹೊರಡಿಸಿದ ವರ್ಷವೇ, ದೆಹಲಿಯ ‘ಆಫ್‌ಪ್ರೊ’ ಸಂಸ್ಥೆ ‘ದೀನಬಂಧು’ವನ್ನು ರೂಪಿಸಿತು. ಬೇರೆ ಬೇರೆ ವ್ಯಾಸದ ಎರಡು ಗೋಳಗಳ ತುಂಡುಗಳನ್ನು ಬುಡಕ್ಕೆ ಬುಡ ಸೇರಿಸಿದ ಆಕಾರ ಅದು. ಹೊರಮೈ ಕಡಿಮೆಯಾದ್ದರಿಂದ ಇಟ್ಟಿಗೆ, ಸಿಮೆಂಟು ಉಳಿಯಿತು; ಬಿರುಕು ಬಿಡಬಹುದಾದ ಜಾಗವೂ ಕಡಿಮೆಯಾಯಿತು. ಗುಮ್ಮಟದ ಒಳಗೆ ಪದರ ಪದರವಾಗಿ ಗಿಲಾವು, ಅದರ ಮೇಲೆ ಎನಾಮೆಲ್ ಬಣ್ಣ. ಈ ಗಿಲಾವಿನಲ್ಲೇ ಎಲ್ಲ ಇದೆ ಎಂದು ಗೋಬರ್ ಗ್ಯಾಸು ಕಟ್ಟುವ ಗೌಂಡಿಗಳಿಗೆ ಗೊತ್ತು. ಪದರ ಒಣಗುವ ಮುಂಚೆ ಮುಂದಿನದನ್ನು ಮೆತ್ತಬೇಕು, ನೀರು ಕುಡಿಸುವುದನ್ನು ತಪ್ಪಿಸಬಾರದು, ಮೂಲೆಗಳನ್ನು ದುಂಡಗೆ ತೀಡಬೇಕು.

ಕೊಲ್ಹಾಪುರ ಜಿಲ್ಲೆಯ ನೆಲ ಈ ಕೆಲಸಕ್ಕೆ ಒಂದೇ ತೆರನಾಗಿಲ್ಲ. ಇಚಲಕರಂಜಿಯ ಸುತ್ತ ಪಂಚಗಂಗೆಯ ಬಯಲಿನ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆ ಸೆಳೆತ ಹುಗಿದ ಗುಮ್ಮಟಕ್ಕೂ ತಟ್ಟುತ್ತದೆ. ಹೊಳೆ ಉಕ್ಕಿ ನೆಲದೊಳಗಿನ ನೀರು ಮೇಲೆ ಬಂದಾಗ ಅದು ತೊಟ್ಟಿಯನ್ನು ಕೆಳಗಿನಿಂದ ಎತ್ತಿ ನೂಕುತ್ತದೆ. 2005, 2019, 2021ರ ಮಹಾಪೂರಗಳನ್ನು ಕಂಡ ಈ ಸೀಮೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದಿಂದ ನೈಋತ್ಯಕ್ಕೆ, ಆಜರಾ, ಚಂದಗಡದ ಕೆಂಪು ಮಣ್ಣಿನ ದಿಣ್ಣೆಗಳಲ್ಲಿ ತೊಂದರೆ ಬೇರೆ: ಮಳೆ ವಿಪರೀತ, ಹೊಂಡ ಅಗೆಯಲು ಕಲ್ಲು. ಹೀಗಿದ್ದೂ ಮಹಾರಾಷ್ಟ್ರವೇ ಮನೆ ಮಟ್ಟದ ಗೋಬರ್ ಗ್ಯಾಸಿನಲ್ಲಿ ದೇಶಕ್ಕೆ ಮೊದಲು, ಸುಮಾರು 9 ಲಕ್ಷ ಸ್ಥಾವರಗಳು. ಕರ್ನಾಟಕದಲ್ಲಿ 5 ಲಕ್ಷದಷ್ಟು. ಸೆಗಣಿಯ ಜೊತೆ ಶೌಚಾಲಯವನ್ನೂ ಜೋಡಿಸುವ ಪದ್ಧತಿಗೆ ಮಹಾರಾಷ್ಟ್ರದಲ್ಲಿ ಒತ್ತು ಸಿಕ್ಕಿತು; ಪುಣೆ ಬಳಿಯ ದೇಹೂವಿನ ಡಾ. ಎಸ್. ವಿ. ಮಾಪುಸ್ಕರ್ ಬೆಳೆಸಿದ ಅಂಥ ಮಾದರಿಯ ಹೆಸರು ‘ಮಲಪ್ರಭಾ’.

ಇಲ್ಲಿಯವರೆಗೆ ಸೋರಿಕೆ ಎಂದರೆ ಮನೆಯ ನಷ್ಟ. ಅದು ಊರಾಚೆಯ, ದೇಶದಾಚೆಯ ನಷ್ಟವೂ ಹೌದು ಎಂಬ ತಿಳಿವು ಬೇರೆ ದಾರಿಯಿಂದ ಬಂತು. 1948ರಲ್ಲಿ ಬೆಲ್ಜಿಯಮ್ಮಿನ ಮಾರ್ಸೆಲ್ ಮಿಜೊಟ್, ಅಮೆರಿಕದ ಒಹಾಯೊದಲ್ಲಿ ಸೂರ್ಯನ ಬೆಳಕನ್ನು ಬಿಡಿಸಿ ನೋಡುತ್ತಿದ್ದಾಗ, ಭೂಮಿಯ ಗಾಳಿಯಲ್ಲಿ ಮೀಥೇನ್ ಇರುವುದಕ್ಕೆ ಗುರುತು ಕಂಡರು. 1978ರಿಂದ ಡೊನಾಲ್ಡ್ ಬ್ಲೇಕ್ ಮತ್ತು ಶೆರ್ವುಡ್ ರೋಲ್ಯಾಂಡ್ ಅದು ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಅಳೆದು ತೋರಿಸಿದರು. ಯಂತ್ರಯುಗಕ್ಕೆ ಮುಂಚೆ ಗಾಳಿಯ ನೂರು ಕೋಟಿ ಅಣುಗಳಲ್ಲಿ 720ರ ಆಸುಪಾಸಿದ್ದ ಮೀಥೇನ್ ಈಗ 1,900 ದಾಟಿದೆ. ತೂಕಕ್ಕೆ ತೂಕ ಹೋಲಿಸಿದರೆ ನೂರು ವರ್ಷಗಳ ಅವಧಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳಲ್ಲಿ ಸುಮಾರು 80 ಪಟ್ಟು ಬಿಸಿ ಹಿಡಿಯುತ್ತದೆ.

ಹಾಗಾದರೆ ಗೋಬರ್ ಗ್ಯಾಸು ಹವಾಮಾನಕ್ಕೆ ಒಳ್ಳೆಯದೊ ಕೆಟ್ಟದ್ದೊ? ಲೆಕ್ಕ ಹಾಕಿ ನೋಡೋಣ. ದಿನಕ್ಕೆ 2 ಘನ ಮೀಟರ್ ಗ್ಯಾಸು ಕೊಡುವ ಸ್ಥಾವರಕ್ಕೆ ಸುಮಾರು 50 ಕಿಲೊ ಸೆಗಣಿ ಬೇಕು. ಆ ಗ್ಯಾಸಿನಲ್ಲಿ ಶೇ. 60ರಷ್ಟು ಮೀಥೇನ್ ಎಂದರೆ ವರ್ಷಕ್ಕೆ ಸುಮಾರು 290 ಕಿಲೊ. ಅದು ಉಳಿಸುವ ಎಲ್‌ಪಿಜಿ ವರ್ಷಕ್ಕೆ 22 ಸಿಲಿಂಡರಿನಷ್ಟು. ಅಷ್ಟು ಎಲ್‌ಪಿಜಿ ಉರಿದಿದ್ದರೆ ಹೊರಬರುತ್ತಿದ್ದ ಇಂಗಾಲದ ಡೈಆಕ್ಸೈಡು 900 ಕಿಲೊಗಿಂತ ತುಸು ಹೆಚ್ಚು. ಈಗ ಹುಟ್ಟಿದ ಗ್ಯಾಸಿನಲ್ಲಿ ಹತ್ತರಲ್ಲೊಂದು ಪಾಲು ಸೋರಿತು ಎನ್ನೋಣ. 29 ಕಿಲೊ ಮೀಥೇನನ್ನು 28ರಿಂದ ಗುಣಿಸಿದರೆ 800 ಕಿಲೊ ದಾಟುತ್ತದೆ. ಎಲ್‌ಪಿಜಿ ಉಳಿಸಿದ ಪುಣ್ಯ ಹೆಚ್ಚುಕಡಿಮೆ ಅಲ್ಲಿಗೆ ತೀರಿತು. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಶೇ. 4ರ ಸೋರಿಕೆಗೇ ತೀರುತ್ತದೆ. ಕಟ್ಟಿಗೆಯ ಹೊಗೆ ತಪ್ಪುವುದು, ಹೊಲಕ್ಕೆ ಒಳ್ಳೆಯ ಗೊಬ್ಬರ ಸಿಗುವುದು, ತಿಪ್ಪೆಯಲ್ಲೇ ಬಿಟ್ಟಿದ್ದರೂ ಸೆಗಣಿ ಒಂದಿಷ್ಟು ಮೀಥೇನ್ ಬಿಡುತ್ತಿತ್ತು ಎಂಬುದು ಈ ಲೆಕ್ಕದ ಹೊರಗಿನ ಲಾಭಗಳು. ಆದರೂ ಶೇ. 4 ಮತ್ತು ಶೇ. 10ರ ನಡುವೆ ಎಲ್ಲಿದ್ದೇವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಇಲ್ಲಿ ಕಾಗದದ ಲೆಕ್ಕ ಕೈಕೊಡುತ್ತದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿ ಇಂಥ ತೊಟ್ಟಿಗಳ ಸೋರಿಕೆ ಶೇ. 0ರಿಂದ 10 ಇರಬಹುದು, ಬೇರೆ ಮಾಹಿತಿ ಇಲ್ಲದಿದ್ದರೆ ಶೇ. 5 ಹಿಡಿಯಿರಿ ಎನ್ನುತ್ತದೆ. ಕಾರ್ಬನ್ ಕ್ರೆಡಿಟ್ಟಿನ ಲೆಕ್ಕದಲ್ಲಿ ಶೇ. 10 ಹಿಡಿಯುವುದೂ ಉಂಟು. ಡ್ರಮ್ಮಿಗೂ ಅದೇ ಅಂಕಿ, ಗುಮ್ಮಟಕ್ಕೂ ಅದೇ. ನಿನ್ನೆ ಕಟ್ಟಿದ್ದಕ್ಕೂ ಇಪ್ಪತ್ತು ವರ್ಷ ಹಳೆಯದಕ್ಕೂ ಅದೇ. ಅಳೆಯಲು ಹೋದವರಿಗೆ ಕಂಡದ್ದು ಬೇರೆ. 2004ರಲ್ಲಿ ಪ್ರಕಟವಾದ ಉತ್ತರ ಭಾರತದ ಅಧ್ಯಯನವೊಂದು ಬೆಟ್ಟದ ಮತ್ತು ಬಯಲಿನ ಗುಮ್ಮಟ ಸ್ಥಾವರಗಳನ್ನು ಅಳೆದು, ಮೀಥೇನ್ ಗಾಳಿಗೆ ಸೇರುವ ಪ್ರಮಾಣ ಜಾಗದಿಂದ ಜಾಗಕ್ಕೆ ಬದಲಾಗುವುದನ್ನು ತೋರಿಸಿತು. ಬಿರುಕೇ ಇಲ್ಲದ ಗುಮ್ಮಟದಲ್ಲೂ ಪಕ್ಕದ ಗುಂಡಿಗೆ ತಳ್ಳಲ್ಪಟ್ಟ ಅರೆಬೆಂದ ರಾಡಿ ತೆರೆದ ಗಾಳಿಯಲ್ಲಿ ಮೀಥೇನ್ ಬಿಡುತ್ತಲೇ ಇರುತ್ತದೆ. 2014ರಲ್ಲಿ ಡೆನ್ಮಾರ್ಕ್ ಮತ್ತು ವಿಯೆಟ್ನಾಮಿನ ವಿಜ್ಞಾನಿಗಳು ಇನ್ನೂ ಒಂದು ದಾರಿಯನ್ನು ಎತ್ತಿ ತೋರಿಸಿದರು. ಒಲೆಗೆ ಬೇಕಾದದ್ದಕ್ಕಿಂತ ಹೆಚ್ಚು ಗ್ಯಾಸು ಬಂದಾಗ ಜನ ಅದನ್ನು ಉರಿಸದೆ ಹಾಗೇ ಬಿಟ್ಟುಬಿಡುತ್ತಾರೆ.

ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ಮಧ್ಯ ಏಷ್ಯಾದಲ್ಲಿ ಸಿಕ್ಕಿಬಿತ್ತು. 2019ರ ಜನವರಿಯಲ್ಲಿ ಕೆನಡಾದ ಜಿಎಚ್‌ಜಿಸ್ಯಾಟ್ ಕಂಪನಿಯ ಪುಟ್ಟ ಉಪಗ್ರಹ ತುರ್ಕಮೆನಿಸ್ತಾನದ ಕೆಸರಿನ ಜ್ವಾಲಾಮುಖಿಯೊಂದನ್ನು ನೋಡಲು ಹೊರಟು, ಪಕ್ಕದ ಕೊರ್ಪೆಜೆ ಎಂಬ ತೈಲ–ಅನಿಲ ಕ್ಷೇತ್ರದಿಂದ ಏಳುತ್ತಿದ್ದ ಮೀಥೇನಿನ ಮೋಡವನ್ನು ಕಂಡಿತು. ಹಾರ್ವರ್ಡಿನ ಡೇನಿಯಲ್ ವ್ಯಾರನ್ ಮತ್ತು ಸಂಗಡಿಗರು ಒಂದು ವರ್ಷದ ಸೋರಿಕೆಯನ್ನು ಸುಮಾರು 1.42 ಲಕ್ಷ ಟನ್ ಎಂದು ಅಂದಾಜಿಸಿದರು. 2022ರಲ್ಲಿ ಅದೇ ಸೀಮೆಯ 29 ದೊಡ್ಡ ಮೂಲಗಳನ್ನು ಗುರುತಿಸಿದಾಗ ಅವುಗಳಲ್ಲಿ 24, ಗ್ಯಾಸನ್ನು ಸುಡಬೇಕಾಗಿದ್ದು ಆರಿಹೋಗಿದ್ದ ಜ್ವಾಲೆಕಂಬಗಳು. ಅಮೆರಿಕಕ್ಕೂ ಇದರಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಅಲ್ಲಿನ ತೈಲ–ಅನಿಲ ಉದ್ಯಮದ ಸೋರಿಕೆ ಸರ್ಕಾರಿ ಲೆಕ್ಕಕ್ಕಿಂತ ಶೇ. 60ರಷ್ಟು ಹೆಚ್ಚು ಎಂದು 2018ರ ಅಧ್ಯಯನ ಅಳೆದು ಹೇಳಿತ್ತು.

ಈ ಅಂಕಿಗಳ ಪಕ್ಕ ನಮ್ಮದನ್ನು ಇಟ್ಟು ನೋಡಬೇಕು. ಭಾರತದಲ್ಲಿ ಕಟ್ಟಿರುವ ಮನೆ ಸ್ಥಾವರಗಳು ಸುಮಾರು 50 ಲಕ್ಷ. ಎಲ್ಲವೂ 2 ಘನ ಮೀಟರಿನವು, ಎಲ್ಲವೂ ಪೂರ್ತಿ ನಡೆಯುತ್ತಿವೆ, ಎಲ್ಲವೂ ಶೇ. 10 ಸೋರುತ್ತಿವೆ ಎಂದು ಕೆಟ್ಟದ್ದನ್ನೇ ಊಹಿಸಿದರೂ ವರ್ಷಕ್ಕೆ 1.45 ಲಕ್ಷ ಟನ್. ಅಂದರೆ ಕೊರ್ಪೆಜೆಯಿಂದ ಒಂದು ವರ್ಷದಲ್ಲಿ ಹೋದಷ್ಟು. ಚೀನಾದಲ್ಲಿ 2015ರ ಸುಮಾರಿಗೆ 4 ಕೋಟಿಗೂ ಹೆಚ್ಚು ತೊಟ್ಟಿಗಳಿದ್ದವು. ಅದೇ ಊಹೆಯಲ್ಲಿ ಅದು ಎಂಟು ಪಟ್ಟು. ಅಲ್ಲಿ ಹಂದಿ ಸಾಕುವುದು ಮನೆಗಳಿಂದ ದೊಡ್ಡ ಫಾರಂಗಳಿಗೆ ಹೋಗಿ, ಜನ ಪಟ್ಟಣ ಸೇರಿ, ಬಹಳಷ್ಟು ತೊಟ್ಟಿಗಳು ಈಗ ಬಳಕೆಯಲ್ಲಿಲ್ಲ. ಕೊರ್ಪೆಜೆಯಂಥ ಸೋರಿಕೆ ಆಕಾಶದಿಂದ ಕಾಣುತ್ತದೆ, ಹುಡುಕಿ ನಿಲ್ಲಿಸಬಹುದು. ವರ್ಷಕ್ಕೆ 29 ಕಿಲೊ ಬಿಡುವ ಹಿತ್ತಲಿನ ಗುಮ್ಮಟ ಯಾವ ಉಪಗ್ರಹದ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಕಾಣಬೇಕಾದವರು ನೆಲದ ಮೇಲೇ ಇರಬೇಕು.

ಅಂಥವರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಶಿರಸಿ ಸಾಕ್ಷಿ. ಪಿ. ಆರ್. ಭಟ್, ಎಚ್. ಎನ್. ಚಾಣಕ್ಯ, ಎನ್. ಎಚ್. ರವೀಂದ್ರನಾಥ್ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಲ್ಲಿ ನೋಡಿದ ಸ್ಥಾವರಗಳೆಲ್ಲ ನಡೆಯುತ್ತಿದ್ದವು. ದೇಶದ ಬೇರೆಡೆ ಕೆಟ್ಟು ನಿಂತವೇ ಸುದ್ದಿಯಾಗಿದ್ದ ಕಾಲ ಅದು. ಅಡಿಕೆ ಸೀಮೆಯ ಸೆಗಣಿಯಲ್ಲೇನೂ ಮಂತ್ರವಿರಲಿಲ್ಲ. ಕಟ್ಟಿದವರು ಕೆಲಸಕ್ಕೆ ಖಾತರಿ ಕೊಟ್ಟಿದ್ದರು, ಕರೆದರೆ ಬರುತ್ತಿದ್ದರು, ಒಬ್ಬರು ಬಾರದಿದ್ದರೆ ಇನ್ನೊಬ್ಬರಿದ್ದರು.

ಡ್ರಮ್ಮು ಭಾರತದ್ದು, ಗುಮ್ಮಟ ಚೀನಾದ್ದು ಎಂಬ ಜಗಳ 1984ರಲ್ಲೇ ಮುಗಿದಿತ್ತು. ಎರಡೂ ದೇಶ ಗುಮ್ಮಟಕ್ಕೇ ಬಂದವು. ಉಳಿದ ವ್ಯತ್ಯಾಸ ಅಳತೆಯದು. ಚೀನಾ 24 ಗಂಟೆಯ ಪರೀಕ್ಷೆಯನ್ನು ಮಾನಕವಾಗಿಸಿತು. ನಮ್ಮಲ್ಲಿ 1981–82ರಲ್ಲಿ ರಾಷ್ಟ್ರೀಯ ಯೋಜನೆ ಶುರುವಾದಾಗಿನಿಂದ ಎಷ್ಟು ಕಟ್ಟಿದೆವು ಎಂಬುದೇ ಎದ್ದು ಕಾಣುವ ಅಂಕಿ. ಯು ಕೊಳವೆಗೆ ಬೇಕಾದದ್ದು ಒಂದಿಷ್ಟು ಪ್ಲಾಸ್ಟಿಕ್ ನಳಿ, ಒಂದು ಹಲಗೆ, ಬಣ್ಣದ ನೀರು. ಮಳೆಗಾಲ ಮುಗಿದ ಮೇಲೆ ಗೌಂಡಿ ಒಮ್ಮೆ ಬಂದು ಗುಮ್ಮಟದ ಒತ್ತಡ ಓದಿ, ರಾಡಿಯ ಗುಂಡಿಗೆ ಮುಚ್ಚಳವಿದೆಯೇ ನೋಡಿ, ಹೆಚ್ಚಾದ ಗ್ಯಾಸನ್ನು ಉರಿಸಿಯೇ ಬಿಡಿ ಎಂದು ಹೇಳಿ ಹೋಗುವುದಕ್ಕೆ ಕೂಲಿ ಕೊಡಬೇಕು. ಸಹಾಯಧನದ ಒಂದು ಕಂತನ್ನು ಕಟ್ಟಿ ಮುಗಿಸಿದ ದಿನ ಕೊಡದೆ, ಮೂರನೆಯ ವರ್ಷದ ಈ ಪರೀಕ್ಷೆಗೆ ಇಟ್ಟುಕೊಂಡರೆ ಗಡಹಿಂಗ್ಲಜದ ಹಿತ್ತಲಿನಲ್ಲಿ ಎಷ್ಟು ಸೋರುತ್ತಿದೆ ಎಂದು ಕೇಳಿದಾಗ ಶೇ. 5 ಎಂಬ ಕಾಗದದ ಉತ್ತರ ಕೊಡಬೇಕಾಗಿಲ್ಲ.